ಗಂಧಕದ ಕೋಣೆಯ ಕಾಲುಂಗುರ

ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಹನ್ನೊಂದು ಗಾಯಗಳಿದ್ದವು. ನನ್ನ ಕೈಗೆ ಬಂದ ಚಿತ್ರಕಥೆಯಲ್ಲಿ ಅವು ಇಪ್ಪತ್ತೊಂದಾಗಿದ್ದವು. ಹೆಚ್ಚಿನ ಹತ್ತನ್ನು ಯಾರು ಹೊಡೆದರು ಎಂದು ನಿರ್ದೇಶಕರನ್ನು ಕೇಳಿದೆ.

‘ಪ್ರೇಕ್ಷಕ ಹೊಡೆಸ್ತಾನಮ್ಮ,’ ಎಂದು ಅವರು ನಕ್ಕರು. ‘ಹನ್ನೊಂದಕ್ಕೆ ಅವನ ಹೊಟ್ಟೆ ತುಂಬಲ್ಲ.’

ಅಂದೇ ಎದ್ದು ಬರಬಹುದಿತ್ತು. ಬರಲಿಲ್ಲ. ನ್ಯಾಯಾಲಯದಲ್ಲಿ ಬಾಯಿ ಕಟ್ಟಿಹೋದ ಸತ್ಯವೊಂದನ್ನು ತೆರೆಯ ಮೇಲೆ ಮಾತನಾಡಿಸಬಹುದು ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ‘ಉತ್ತರದಾಯಿತ್ವ’ ಎಂಬ ಪದವನ್ನು ಹಲವು ಸಲ ಬರೆದು ಅಂಕ ಪಡೆದವಳು ನಾನು. ಆ ಪದಕ್ಕೆ ಮೊದಲು ಉತ್ತರ ಕೊಡಬೇಕಾದವಳು ನಾನೇ ಆಗುತ್ತೇನೆ ಎಂಬುದು ಆಗ ಹೊಳೆದಿರಲಿಲ್ಲ.

ನನ್ನ ಕೆಲಸ ಎರಡು ಬಗೆಯದು: ಪ್ರಕರಣದ ಕಾಗದಪತ್ರ ಓದಿ ಸಂಗತಿಗಳನ್ನು ಒದಗಿಸುವುದು, ನಮ್ಮ ಭಾಗದ ಮಾತಿನಲ್ಲಿ ಸಂಭಾಷಣೆ ಬರೆಯುವುದು. ನಮ್ಮೂರಿನ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಕಿರಾಣಿ ಅಂಗಡಿಯೊಂದರ ಮಾಳಿಗೆಯ ಮೇಲೆ ಹಿರಿಯ ವಕೀಲರೊಬ್ಬರ ಕಚೇರಿಯಿತ್ತು. ಅಲ್ಲಿ ಮೂರು ಮಧ್ಯಾಹ್ನ ಕುಳಿತು, ತೀರ್ಪಿನ ದೃಢೀಕೃತ ನಕಲನ್ನು ಓದಿದೆ.

ಪ್ರಕರಣ ಹೀಗಿತ್ತು. ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವ ದಾರಿಯಲ್ಲಿ ಒಣದ್ರಾಕ್ಷಿ ಮಾಡುವ ಒಂದು ಶೆಡ್ಡು. ಅಲ್ಲಿ ದುಡಿಯುತ್ತಿದ್ದ ಮುತ್ತೈದೆಯೊಬ್ಬಳ ಹೆಣ ಒಂದು ಬೆಳಿಗ್ಗೆ ರಸ್ತೆ ಪಕ್ಕದ ಜಾಲಿಯ ಪೊದೆಯಲ್ಲಿ ಸಿಕ್ಕಿತು. ತಲೆಬುರುಡೆ ಎರಡು ಕಡೆ ಒಡೆದಿತ್ತು, ಎಡಗೈಯ ಮೂಳೆ ಮುರಿದಿತ್ತು. ಶೆಡ್ಡಿನ ಮೇಲ್ವಿಚಾರಕ ಕೆಲಸದ ಹುಡುಗಿಯರ ಮೈಮೇಲೆ ಕೈ ಹಾಕುತ್ತಾನೆಂದು ಆಕೆ ಎಲ್ಲರೆದುರು ಹೇಳಿ, ಠಾಣೆಗೆ ಹೋಗುತ್ತೇನೆಂದೂ ಹೇಳಿದ್ದಳು. ಅದರ ಮರುದಿನವೇ ಹೆಣವಾಗಿದ್ದಳು. ಆತ ಕಬ್ಬಿಣದ ಸರಳಿನಿಂದ ಹೊಡೆದು, ಇನ್ನೂ ಉಸಿರಿದ್ದವಳನ್ನು ಗಂಧಕದ ಕೋಣೆಯಲ್ಲಿ ಕೂಡಿಹಾಕಿ ಹೊಗೆ ಇಟ್ಟ, ಆಮೇಲೆ ಹೆಣವನ್ನು ರಸ್ತೆಗೆ ಎಸೆದ ಎಂಬುದು ಪೊಲೀಸರ ವಾದ.

ಗಂಧಕದ ಕೋಣೆಯೆಂದರೆ ಒಣದ್ರಾಕ್ಷಿಗೆ ಬಂಗಾರದ ಬಣ್ಣ ತರಿಸುವ ಜಾಗ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಕಬ್ಬಿಣದ ಬಾಣಲೆಯಲ್ಲಿ ಗಂಧಕ ಹೊತ್ತಿಸಿ, ಬಾಗಿಲಿಗೆ ತಾಡಪತ್ರಿ ಬಿಗಿದು ಗಂಟೆಗಟ್ಟಲೆ ಬಿಡುತ್ತಾರೆ. ಸತ್ತವಳ ಶ್ವಾಸನಾಳದ ಒಳಪದರ ಕೆಂಪಾಗಿ ಊದಿತ್ತು ಎಂದು ವೈದ್ಯರು ಬರೆದಿದ್ದರು. ಪಾಟೀಸವಾಲಿನಲ್ಲಿ, ಅದಕ್ಕೆ ಬೇರೆ ಕಾರಣವೂ ಇರಬಹುದೆಂದು ಒಪ್ಪಿಕೊಂಡಿದ್ದರು.

ತೀರ್ಪು ತಿರುಗಿದ್ದು ಮಾತ್ರ ಕಾಲುಂಗುರದ ಮೇಲೆ. ಗಂಧಕದ ಹೊಗೆಗೆ ಬೆಳ್ಳಿ ಕಪ್ಪಾಗುತ್ತದೆ ಎಂದು ಶೆಡ್ಡಿನ ಕೆಲಸಗಾರರೇ ಸಾಕ್ಷಿ ಹೇಳಿದ್ದರು. ಆದರೆ ಮುದ್ದೆಮಾಲಿನ, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ‘ಬಿಳಿ ಲೋಹದ ಕಾಲುಂಗುರ ಎರಡು, ಹೊಳಪುಳ್ಳವು’ ಎಂದಿತ್ತು. ಹೊಳೆಯುವ ಬೆಳ್ಳಿ ತೊಟ್ಟವಳು ಗಂಧಕದ ಕೋಣೆಯಲ್ಲಿ ಹೇಗೆ ಇದ್ದಾಳು? ಸಂಶಯದ ಲಾಭ ಆರೋಪಿಗೆ ಸಿಕ್ಕಿತು. ಸರ್ಕಾರ ಮೇಲ್ಮನವಿ ಹಾಕಿತ್ತು. ಅದು ಇನ್ನೂ ವಿಚಾರಣೆಗೆ ಕಾದಿತ್ತು.

ಸತ್ತವಳ ತಂಗಿಯನ್ನು ತಿಕೋಟಾದ ಆಕೆಯ ಮನೆಯಲ್ಲಿ ಕಂಡೆ. ಮೂವತ್ತೈದರ ಆಸುಪಾಸಿನ, ಗಟ್ಟಿ ಮೂಳೆಯ ಹೆಂಗಸು. ಬೇರೊಂದು ಶೆಡ್ಡಿನಲ್ಲಿ ದ್ರಾಕ್ಷಿ ಆರಿಸುವ ಕೆಲಸ ಮಾಡುತ್ತಿದ್ದಳು. ನಾಲ್ಕು ಸಲ ಹೋದೆ. ಮೊದಲ ಮೂರು ಸಲ ಚಹಾ ಕುಡಿಸಿ ಕಳಿಸಿದಳು.

‘ಸಿನಿಮಾದಾಗ ನಮ್ಮಕ್ಕನ ಕಡಿಂದ ಹಾಡ ಹಾಡಸ್ತೀರೇನು?’ ಎಂದು ಚುಚ್ಚಿದಳು.

‘ಇಲ್ಲಕ್ಕಾ. ಹಾಡು ಇಲ್ಲ.’

‘ಹಂಗಾರ ಯಾರ ನೋಡ್ತಾರ ಬೇ? ರೊಕ್ಕ ಕೊಟ್ಟ ಅಳಾಕ ಯಾರ ಹೋಕ್ಕಾರ?’

ನಾಲ್ಕನೆಯ ಸಲ ಆಕೆ ಕೆಲಸಕ್ಕೆ ಹೊರಟಿದ್ದಳು. ಹೊಸ್ತಿಲ ಮೇಲೆ ಕುಳಿತು, ಹಳೆಯ ಸೀರೆಯ ಚಿಂದಿಯನ್ನು ಒಂದೊಂದೇ ಕಾಲುಂಗುರಕ್ಕೆ ಬಿಗಿಯಾಗಿ ಸುತ್ತತೊಡಗಿದಳು. ಏಕೆಂದು ಕೇಳಿದೆ.

‘ಮುತ್ತೈದಿ ಕಾಲುಂಗರ ತಗಿಬಾರದು, ಗಂಧಕ ಬೆಳ್ಳಿ ಉಳಸೂದಿಲ್ಲ. ಅದಕ್ಕ ಹಿಂಗ ಅರಬಿ ಸುತ್ತತೀವಿ. ಶೆಡ್ಡಿನಾಗ ಎಲ್ಲಾರೂ ಸುತ್ತತಾರ. ನಮ್ಮಕ್ಕನೂ ಸುತ್ತತಿದ್ಲು.’ ಕೈ ನಿಂತಿತು. ‘ಅವತ್ತ ಸುತ್ತಿರಲಿಲ್ಲ. ಕೆಲಸಕ್ಕಂತ ಒಳಗ ಹೋಗಿದ್ರ ಸುತಗೊಂಡ ಹೋಗತಿದ್ಲು ತಂಗೀ. ಎಳಕೊಂಡ ಹೋಗ್ಯಾನ.’

ಅರಿವೆ ಸುತ್ತದಿದ್ದರೆ ಬೆಳ್ಳಿ ಕಪ್ಪಾಗಿರಬೇಕಿತ್ತಲ್ಲ, ಹೊಳಪು ಎಲ್ಲಿಂದ ಬಂತು ಎಂದು ಕೇಳಿದೆ. ಆಕೆ ಎದ್ದು ಬಾಗಿಲು ಮುಂದೆ ಮಾಡಿ ಬಂದಳು.

‘ನಾನ ತೊಳದೆ.’

ಹೆಣ ಕೊಯ್ದ ಮೇಲೆ ಯಾರೋ ಪೇದೆ ಒಡವೆಗಳನ್ನು ಕಾಗದದಲ್ಲಿ ಸುತ್ತಿ ಮನೆಯವರ ಕೈಗಿಟ್ಟಿದ್ದ. ಕಾಲುಂಗುರ ಇದ್ದಿಲಿನಂತೆ ಕಪ್ಪಾಗಿದ್ದವು. ಗಂಡ ಬದುಕಿರುವ ಹೆಣ್ಣನ್ನು ಕಪ್ಪು ಬೆಳ್ಳಿ ಇಟ್ಟು ಮಣ್ಣಿಗೆ ಕಳಿಸುವುದು ಹೇಗೆ? ತಂಗಿ ಹುಣಸೆಹಣ್ಣು, ಬೂದಿ ಹಚ್ಚಿ ಬೆಳ್ಳಗಾಗುವವರೆಗೆ ತಿಕ್ಕಿದಳು. ಅಕ್ಕನ ಕಾಲಿಗೆ ತೊಡಿಸಿ, ಪೂಜೆ ಮುಗಿದ ಮೇಲೆ, ಹೂಳುವ ಮುನ್ನ ವಾಡಿಕೆಯಂತೆ ತೆಗೆದಿಟ್ಟಳು. ಐದನೆಯ ದಿನ ಪೊಲೀಸರು ಬಂದು ಕೇಳಿದಾಗ ಹಾಗೆಯೇ ಕೊಟ್ಟಳು. ಕಟಕಟೆಯಲ್ಲಿ ನಿಂತಾಗ, ಬೆಳ್ಳಿ ಮೊದಲಿಂದಲೂ ಹೀಗೇ ಇತ್ತೇ ಎಂದು ಎದುರು ವಕೀಲರು ಕೇಳಿದರು. ಹೆದರಿಕೆಗೆ, ಗೊತ್ತಿಲ್ಲ ಎಂದುಬಿಟ್ಟಳು.

‘ಸರಳಿಲೆ ಹೊಡದಾಂವ ಅವಾ. ಬಿಡಿಸಿದಾಕಿ ನಾ,’ ಎಂದಳು. ‘ಮನ್ಯಾಗೂ ಯಾರಿಗೂ ಹೇಳಿಲ್ಲ. ಯಾರ ಮುಂದೂ ಹೇಳಬ್ಯಾಡ ತಂಗೀ. ನಿನ್ನ ಕಾಲ ಬೀಳ್ತೀನಿ.’

ಹೇಳುವುದಿಲ್ಲ ಎಂದು ಆಕೆಯ ಕೈ ಮುಟ್ಟಿ ಮಾತು ಕೊಟ್ಟೆ.

ಆ ಮಾತು ಹದಿನೈದು ದಿನವೂ ಉಳಿಯಲಿಲ್ಲ. ಸಿದ್ಧೇಶ್ವರ ಗುಡಿಯ ಹತ್ತಿರದ ವಸತಿಗೃಹದ ಕೋಣೆಯಲ್ಲಿ ನಮ್ಮ ಕಥಾ ಚರ್ಚೆ ನಡೆಯುತ್ತಿತ್ತು. ದ್ವಿತೀಯಾರ್ಧ ಸಪ್ಪೆಯಾಗಿದೆ, ತಿರುವು ಬೇಕು ಎಂದು ನಿರ್ದೇಶಕರು ಪಟ್ಟು ಹಿಡಿದಿದ್ದರು. ಸತ್ತವಳಿಗೆ ಗುಪ್ತ ಪ್ರಿಯಕರನೊಬ್ಬನನ್ನು ಹುಟ್ಟಿಸೋಣ ಎಂದರು. ನನಗೆ ಮೈ ಉರಿಯಿತು. ಕೊಲೆಯಾದವಳ ಚಾರಿತ್ರ್ಯವನ್ನು ಮತ್ತೊಮ್ಮೆ ಕೊಲ್ಲಬೇಡಿ, ನಿಜದಲ್ಲೇ ನಿಮ್ಮ ಕಲ್ಪನೆಗಿಂತ ದೊಡ್ಡ ತಿರುವಿದೆ ಎಂದು ವಾದಿಸಿದೆ. ವಾದದ ಬಿಸಿಯಲ್ಲಿ ಕಾಲುಂಗುರ ತೊಳೆದ ಸಂಗತಿಯನ್ನು ಹೇಳಿಬಿಟ್ಟೆ.

ನಿರ್ದೇಶಕರು ಸಿಗರೇಟು ಆರಿಸಿದರು. ‘ಇದು… ಇದು ಸಿನಿಮಾ,’ ಎಂದರು.

ನಾನು ಗೆದ್ದೆ ಎಂದುಕೊಂಡೆ. ಸತ್ತವಳ ಮಾನ ಉಳಿಸಲು ಬದುಕಿರುವವಳ ಮಾನ ಮಾರಿದ್ದೇನೆ ಎಂಬುದು ಮುಂದಿನ ಕರಡು ಬಂದಾಗಲೇ ತಿಳಿದದ್ದು. ಅದರಲ್ಲಿ ತಂಗಿಯ ಪಾತ್ರ ಕೊಲೆಗಾರನಿಂದ ದುಡ್ಡಿನ ಗಂಟು ಪಡೆದು, ಕನ್ನಡಿಯ ಮುಂದೆ ಕುಳಿತು, ನಗುತ್ತ ಕಾಲುಂಗುರ ತಿಕ್ಕುತ್ತಿದ್ದಳು.

‘ಆಕೆ ದುಡ್ಡು ತಗೊಂಡಿಲ್ಲ, ಸರ್. ಆಚಾರಕ್ಕಾಗಿ ತೊಳೆದಳು. ತಿಕೋಟಾದಲ್ಲಿ ಇದು ಯಾರ ಕಥೆ ಅಂತ ಮೊದಲ ದಿನವೇ ಎಲ್ಲರಿಗೂ ಗೊತ್ತಾಗುತ್ತೆ. ಆಕೆ ಅದೇ ಊರಲ್ಲಿ ಬದುಕಬೇಕು.’

‘ನೋಡಮ್ಮ, ಆಚಾರ ಯಾವ ಕ್ಯಾಮೆರಾಗೂ ಕಾಣಲ್ಲ. ದುಡ್ಡು ಕಾಣುತ್ತೆ. ಹೆಸರು ಬದಲಾಯಿಸಿದ್ದೀವಿ, ಇದು ನೈಜ ಘಟನೆಯಿಂದ ಪ್ರೇರಿತ ಮಾತ್ರ. ಇನ್ನೇನು ಬೇಕು?’

ಪ್ರೇರಿತ! ಈ ಪದದ ಹಿಂದೆ ಅಡಗಿ ಎಷ್ಟು ಜನ ಎಷ್ಟು ಮನೆಗಳಿಗೆ ನುಗ್ಗಿದ್ದಾರೋ. ಸತ್ತವರ ಗಾಯ ಬೇಕು, ಊರಿನ ಮಣ್ಣು ಬೇಕು, ಮಾತಿನ ಲಯ ಬೇಕು. ಹೊಣೆ ಮಾತ್ರ ಬೇಡ. ಆದರೆ ಅವರತ್ತ ತೋರಿಸಿದ ಬೆರಳು ನನ್ನ ಕಡೆಗೂ ತಿರುಗುತ್ತಿತ್ತು. ಆ ದೃಶ್ಯದ ಚಿತ್ರೀಕರಣ ಕೊನೆಯ ವಾರದಲ್ಲಿತ್ತು. ಅಷ್ಟರೊಳಗೆ ಮನವೊಲಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಕೆಲಸದಲ್ಲಿ ಉಳಿದೆ. ತಂಗಿಗೆ ಏನೂ ತಿಳಿಸಲಿಲ್ಲ. ಅಷ್ಟೇ ಅಲ್ಲ, ಸತ್ತವಳ ಪಾತ್ರದ ನಟಿಗೆ ಶೆಡ್ಡಿನ ಕೆಲಸ ಕಲಿಸಲೆಂದು ಆಕೆಯನ್ನೇ ಚಿತ್ರೀಕರಣಕ್ಕೆ ಕರೆತಂದೆ.

ಬಬಲೇಶ್ವರದ ರಸ್ತೆಯಲ್ಲಿ ಬಾಡಿಗೆಗೆ ಹಿಡಿದ ಶೆಡ್ಡು. ಎರಡೂ ಬದಿಗೆ ತೆರೆದ ಉದ್ದನೆಯ ಚಪ್ಪರ, ಒಂದರ ಮೇಲೊಂದು ಬಿಗಿದ ಬಲೆಗಳ ಮೇಲೆ ಹರಡಿದ ಹಸಿರು ದ್ರಾಕ್ಷಿ. ನಟಿ ಮೈಸೂರಿನವಳು, ನನ್ನ ವಯಸ್ಸಿನವಳೇ. ಗೊನೆಗಳ ಬುಟ್ಟಿಯನ್ನು ದ್ರಾವಣದಲ್ಲಿ ಅದ್ದಿ ಎತ್ತುವುದನ್ನು ತಂಗಿ ಆಕೆಗೆ ಕಲಿಸಿದಳು.

‘ಹಂಗಲ್ಲ ಬೇ! ಕೂಸಿಗೆ ನೀರ ಹಾಕಿದಂಗ ಮಾಡಾಕತ್ತಿಯಲ್ಲ. ಸೊಂಟ ಬಗ್ಗಿಸಿ ಎತ್ತು. ಸೊಂಟಾ ಐತಿಲ್ಲೋ?’

‘ಇದೆ ಅಕ್ಕಾ, ಇದೆ. ನಾಳೆ ಇರುತ್ತೋ ಇಲ್ವೋ!’

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಚಿಂದಿ ಸುತ್ತುವುದನ್ನೂ ತಂಗಿಯೇ ಕಲಿಸಿದಳು. ಕೊಲೆಯ ದೃಶ್ಯದ ದಿನ ಮಾತ್ರ, ‘ಇವತ್ತ ಸುತ್ತಬ್ಯಾಡ,’ ಎಂದು ತನ್ನ ಕೈಯಾರೆ ಬಿಚ್ಚಿದಳು. ಕಾಲುಂಗುರ ಅಪ್ಪಟ ಬೆಳ್ಳಿಯವೇ ಇರಲಿ ಎಂದು ಹಟ ಹಿಡಿದು ತರಿಸಿದ್ದವಳು ನಾನು.

ಕೊಲೆಯ ದೃಶ್ಯ ಮುಂಜಾನೆ ಎಂಟಕ್ಕೆ ಶುರುವಾಯಿತು. ರಕ್ತವನ್ನು ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಬೆರೆಸಿ ಮಾಡಿದ್ದರು. ಶೆಡ್ಡಿನಲ್ಲಿ ಮೊದಲೇ ದ್ರಾಕ್ಷಿಯ ಸಿಹಿ, ಅದರ ಮೇಲೆ ಪಾಕದ ಸಿಹಿ. ಹತ್ತು ಗಂಟೆಯ ಹೊತ್ತಿಗೆ ಕಣಜಗಳು ನಟಿಯ ಕೂದಲಿಗೆ, ಕೊರಳಿಗೆ ಮುತ್ತಿಕೊಂಡವು. ಸರಳು ರಬ್ಬರಿನದಾದರೂ ಭಾರವಿತ್ತು. ಹೊಡೆತ ಭುಜದಿಂದ ಒಂದು ಗೇಣು ಆಚೆ ಬೀಳಬೇಕು. ಅವಳು ಆ ಕ್ಷಣಕ್ಕೆ ತಲೆ ಹೊರಳಿಸಬೇಕು. ಬಾಯಿಯಲ್ಲಿಟ್ಟುಕೊಂಡ ಪಾಕದ ಚೀಲವನ್ನು ಕಚ್ಚಿ ಉಗುಳಬೇಕು. ಆರನೆಯ ಟೇಕಿನಲ್ಲಿ ಸರಳು ನಿಜವಾಗಿಯೇ ಹೆಗಲಿಗೆ ಬಿತ್ತು. ಅವಳ ಬಾಯಿಂದ ಹೊರಟ ಶಬ್ದ ಕೇಳಿ ನಿರ್ದೇಶಕರು ತೊಡೆ ತಟ್ಟಿದರು: ‘ಅದು! ಅದೇ ಬೇಕು. ಇನ್ನೊಂದ್ಸಲ, ಅದೇ ಥರ.’ ಹನ್ನೆರಡನೆಯ ಟೇಕಿಗೆ ಆಕೆಯ ತೋಳು ನೀಲಿಗಟ್ಟಿತ್ತು. ಮೇಕಪ್ಪಿನವನು ಆ ನೀಲಿಗೇ ಇನ್ನಷ್ಟು ನೀಲಿ ಬಳಿದ.

ನಾನು ಮಾನಿಟರಿನ ಪಕ್ಕ ಕುಳಿತು ಮಾತು ತಿದ್ದುತ್ತಿದ್ದೆ. ಇದನ್ನೂ ಬರೆದಿಡಬೇಕು: ಹೊಡೆತಗಳ ನಡುವೆ ನಾನು ತಿದ್ದಿದ್ದು ಉಚ್ಚಾರಣೆಯನ್ನು.

ಮಧ್ಯಾಹ್ನ ಗಂಧಕದ ಕೋಣೆಯ ಸರದಿ. ಹೊಗೆಯಂತ್ರದ ಹೊಗೆ ಮದುವೆ ಮಂಟಪದ ಹೊಗೆಯ ಹಾಗಿದೆ ಎಂದು ನಿರ್ದೇಶಕರು ಸಿಡುಕಿದರು. ಅವರಿಗೆ ಗಂಧಕದ ನೀಲಿ ಉರಿ ಬೇಕಿತ್ತು. ಆ ಶೆಡ್ಡಿನಲ್ಲಿ ಹೊಗೆ ಇಡುವ ಮುದುಕನನ್ನು ಕರೆಸಿದರು.

‘ಒಳಗ ಮನಶಾ ಇದ್ದಾಗ ನಾ ಹಚ್ಚೂದಿಲ್ರಿ,’ ಎಂದ ಆತ. ‘ನಾಯಿ ಇದ್ರೂ ಹಚ್ಚೂದಿಲ್ಲ.’

‘ಒಂದು ಹಿಡಿ ಅಷ್ಟೇ, ಅಜ್ಜಾ. ಎರಡು ನಿಮಿಷ.’

‘ಹಿಡಿ ಅಂದ್ರೇನ್ರಿ, ಚಿಮಟಿ ಅಂದ್ರೇನ್ರಿ. ಉಸರಿಗೆ ಲೆಕ್ಕ ತಿಳಿತೈತೇನ್ರಿ?’ ಎಂದು ಆತ ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟ.

ಆತ ಹೋದ ಮೇಲೆ ಸಹಾಯಕನೊಬ್ಬ ಬಾಣಲೆಗೆ ಗಂಧಕ ಸುರಿದು ಕಡ್ಡಿ ಗೀರಿದ. ನಟಿ ನನ್ನನ್ನು ನೋಡಿದಳು. ನಾನು ನಿರ್ದೇಶಕರನ್ನು ನೋಡಿದೆ. ‘ಬೇಡ’ ಎಂಬ ಎರಡಕ್ಷರ ನನ್ನ ಬಾಯಲ್ಲಿತ್ತು. ಇವತ್ತು ಜಗಳವಾಡಿದರೆ ಕೊನೆಯ ವಾರದ ಆ ದೃಶ್ಯ ತಪ್ಪಿಸುವ ದಾರಿ ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಲೆಕ್ಕ ಹಾಕುತ್ತಿದ್ದಂತೆಯೇ ಬಾಗಿಲು ಮುಚ್ಚಿತು. ಚಿಲಕ ಹೊರಗಿನಿಂದ ಬಿತ್ತು. ಚಿಲಕ ಬೀಳುವುದೂ ಶಾಟಿನ ಭಾಗವಾಗಿತ್ತು. ಒಳಗೆ ಗೋಡೆಗೆ ಬಿಗಿದ ಕ್ಯಾಮೆರಾ, ಹೊರಗೆ ನಾವು.

ಅವಳು ಬಾಗಿಲು ಬಡಿದು ನಾನು ಬರೆದ ಮಾತನ್ನೇ ಕೂಗಿದಳು: ‘ಬಾಗಲಾ ತಗೀರಿ! ಯಪ್ಪಾ, ಬಾಗಲಾ ತಗೀರೋ!’ ಮಾನಿಟರಿನಲ್ಲಿ ಹಳದಿ ಮಬ್ಬು ತುಂಬಿತು. ಕೆಮ್ಮು ಕೇಳಿಸಿತು. ಎಷ್ಟು ಚೆನ್ನಾಗಿ ಮಾಡುತ್ತಿದ್ದಾಳೆ ಎಂದು ನನಗನ್ನಿಸಿತು. ಹೌದು, ನನಗೂ. ನಿರ್ದೇಶಕರು ಕೈ ಎತ್ತಿ ಎಲ್ಲರನ್ನೂ ತಡೆದು ಹಿಡಿದಿದ್ದರು: ‘ಯಾರೂ ಕಟ್ ಅನ್ಬೇಡಿ.’

ಹೆಂಗಸರ ಗುಂಪಿನಿಂದ ತಂಗಿ ಎದ್ದು ನಿಂತಳು.

‘ಬಡಿಯೂದು ಕೆಳಗ ಬಂತು,’ ಎಂದಳು.

ಯಾರಿಗೂ ತಿಳಿಯಲಿಲ್ಲ.

‘ಮ್ಯಾಲ ಬಡಿತಿದ್ಲು, ಈಗ ಕೆಳಗ ಬಡ್ಯಾಕತ್ತಾಳ. ಬಿದ್ದಾಳಲೇ ಆಕಿ! ಬಿದ್ದಾಳ!’

ಅಷ್ಟೂ ಜನರ ನಡುವೆ ಓಡಿದವಳು ಅವಳೊಬ್ಬಳೇ. ದಾರಿಗಡ್ಡ ಬಂದ ದೀಪದ ಕಂಬವನ್ನು ದೂಡಿದಳು. ಅದು ಸಿಡಿದು ಚೂರಾಯಿತು. ನಿರ್ದೇಶಕರು, ‘ಏಯ್, ಶಾಟ್ ಹಾಳಾಗುತ್ತೆ!’ ಎಂದು ತೋಳು ಹಿಡಿದರು. ಅವಳು ಮೊಣಕೈಯಿಂದ ಅವರ ಎದೆಗೆ ಗುದ್ದಿದಳು. ಚಿಲಕ ಬಿಗಿಯಾಗಿತ್ತು, ಕೀಳುವಾಗ ಬೆರಳ ಉಗುರು ಕಿತ್ತುಬಂತು. ಬಾಗಿಲು ತೆರೆದಾಗ ಹೊಗೆಯ ಜೊತೆ ನಟಿಯ ಕೈ ಹೊಸ್ತಿಲಾಚೆ ಬಿತ್ತು.

ಆಗಷ್ಟೇ ನಾನು ಎದ್ದು ಓಡಿದೆ. ತಂಗಿ, ನಾನು ಸೇರಿ ಆಕೆಯನ್ನು ಬಯಲಿಗೆ ಎಳೆದೆವು. ಸುಳ್ಳು ರಕ್ತ ಮೆತ್ತಿದ ಮುಖದಲ್ಲಿ ಕಣ್ಣುಗಳು ನಿಜವಾದ ಕೆಂಪಾಗಿದ್ದವು. ಅವಳು ವಾಂತಿ ಮಾಡಿಕೊಂಡಳು, ಉಸಿರಿಗಾಗಿ ಮಣ್ಣು ಕೆರೆದಳು. ವಾಹನ ಬರುವವರೆಗೆ ತಂಗಿ ಅವಳ ಮುಖಕ್ಕೆ, ಕೈಕಾಲಿಗೆ ನೀರು ಸುರಿಯುತ್ತಿದ್ದಳು. ಪಾದದ ಬಳಿ ಬಂದಾಗ ಕೊಡ ಕೈಯಲ್ಲೇ ನಿಂತಿತು.

ಕಾಲುಂಗುರಗಳೆರಡೂ ಕಪ್ಪಾಗಿದ್ದವು.

‘ನಮ್ಮಕ್ಕನವೂ ಹಿಂಗ ಇದ್ದೂ,’ ಎಂದು ಮೆಲ್ಲಗೆ ಹೇಳಿದಳು. ‘ಹಿಂಗ. ನೋಡ್ರಿ, ಇಷ್ಟ ಕರ್ರಗ.’ ನೋಯಿಸದಂತೆ ಎರಡನ್ನೂ ಬೆರಳಿಂದ ಬಿಡಿಸಿಕೊಂಡಳು.

ವಸ್ತ್ರವಿಭಾಗದ ಹುಡುಗಿ ಹತ್ತಿಯನ್ನೂ ಬೆಳ್ಳಿ ತಿಕ್ಕುವ ಪುಡಿಯನ್ನೂ ಹಿಡಿದು ಓಡಿಬಂದಳು. ‘ಕೊಡಿ ಅಕ್ಕಾ, ಉಜ್ಜಿಟ್ಟಿರ್ತೀನಿ. ನಾಳಿನ ಶಾಟ್‌ನಲ್ಲಿ ಇವು ಬೆಳ್ಳಗೇ ಇರಬೇಕು.’

ಆ ಹುಡುಗಿಯದು ತಪ್ಪಲ್ಲ. ಆಕೆಯ ಕೆಲಸವೇ ಅದು. ತಂಗಿ ಮುಷ್ಟಿ ಬಿಗಿದಳು. ಉಗುರು ಕಿತ್ತ ಬೆರಳಿನಿಂದ ರಕ್ತ ಮಣಿಕಟ್ಟಿಗೆ ಇಳಿಯುತ್ತಿತ್ತು. ನಾನು ಸಂಭಾಷಣೆಯ ಹಾಳೆಯೊಂದನ್ನು ಹರಿದು ಕೊಟ್ಟೆ. ಕಾಲುಂಗುರಗಳನ್ನು ಅದರಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು.

ಮರುದಿನ ಬೆಳಿಗ್ಗೆ ಜೋರಾಪುರ ಪೇಟೆಯ ನಮ್ಮ ಮನೆಗೆ ನಿರ್ಮಾಣ ವ್ಯವಸ್ಥಾಪಕರು ಬಂದರು. ನಮ್ಮೂರಿನವರೇ, ನನ್ನ ತಂದೆಯ ಪರಿಚಯದವರು. ಪಡಸಾಲೆಯಲ್ಲಿ ಕುಳಿತು, ಚಹಾದ ಬಟ್ಟಲು ಕೆಳಗಿಟ್ಟು ಮಾತು ತೆಗೆದರು.

‘ನೋಡವಾ, ಆ ತಂಗಿ ರೊಕ್ಕಾ ತಗೊಳ್ಳೂ ಸೀನ್ ತಗದ್ ಹಾಕ್ತಾರಂತ. ನಿನ್ನ ಮಾತ ಗೆದ್ದಂಗಾತು. ನಿನ್ನಿಂದು ಮಾತ್ರ ಅಲ್ಲೇ ಬಿಡೂಣು. ಆಸ್ಪತ್ರ್ಯಾಗಿನ ಆ ಹುಡುಗಿ ಠಾಣಿಗೆ ಹೋಗತೀನಿ ಅನ್ನಾಕತ್ತಾಳ. ಸಾಕ್ಷಿ ಇಲ್ಲಂದ್ರ ಏನ ಹೋಕ್ಕಾಳ?’

‘ನಾನು ಸಾಕ್ಷಿ ಹೇಳಿದ್ರ?’

‘ಹೇಳಿದ್ರ ಸೀನ್ ಇರತೈತಿ,’ ಎಂದರು, ಹವಾಮಾನ ಹೇಳಿದಷ್ಟು ಸಲೀಸಾಗಿ.

ಆಸ್ಪತ್ರೆಗೆ ಹೋದೆ. ನಟಿಗೆ ದನಿಯೇ ಹೊರಡುತ್ತಿರಲಿಲ್ಲ. ‘ನಾನು ಬಿದ್ದದ್ದು ಚೆನ್ನಾಗಿ ಬಂದಿದೆಯಂತೆ,’ ಎಂದು ಪಿಸುಗುಟ್ಟಿದಳು. ‘ಅದನ್ನೇ ಸಿನಿಮಾದಲ್ಲಿ ಇಟ್ಕೋತಾರಂತೆ. ನೀವು ಅಲ್ಲೇ ಇದ್ರಲ್ಲ? ನೀವು ನೋಡಿದ್ರಲ್ಲ?’

ಹೊರಬಂದು ಬಸ್ ನಿಲ್ದಾಣದಲ್ಲಿ ಕುಳಿತೆ. ಒಬ್ಬಳ ಮಾನ ಉಳಿಸಲು ಇನ್ನೊಬ್ಬಳ ಉಸಿರಿನ ವಿಷಯದಲ್ಲಿ ಬಾಯಿ ಮುಚ್ಚಬೇಕು. ಬಾಯಿ ತೆರೆದರೆ, ನನ್ನನ್ನು ನಂಬಿದವಳನ್ನು ಊರೆದುರು ಕಳ್ಳಿಯಾಗಿಸಬೇಕು. ಈ ಆಯ್ಕೆಯನ್ನು ಇಷ್ಟು ಅಚ್ಚುಕಟ್ಟಾಗಿ ಹೆಣೆದವರ ಮೇಲೆ ಕೋಪ ಬಂತು. ಆದರೆ ಅದಕ್ಕೆ ನೂಲು ಒದಗಿಸಿದವಳು ನಾನು. ಮಾನ ಯಾರದೋ ಅವರನ್ನು ಕೇಳದೆ ಎರಡನೆಯ ಸಲ ನಿರ್ಧಾರ ಮಾಡಲಾರೆ ಎನ್ನಿಸಿದ್ದೇ ತಿಕೋಟಾದ ಬಸ್ಸು ಹತ್ತಿದೆ.

ಎಲ್ಲವನ್ನೂ ಹೇಳಿದೆ: ಕೊಟ್ಟ ಮಾತು ಮುರಿದದ್ದು, ಕನ್ನಡಿಯ ಮುಂದೆ ನಗುವ ದೃಶ್ಯ, ವ್ಯವಸ್ಥಾಪಕರ ಚೌಕಾಸಿ. ಆಕೆ ಅದೇ ಹೊಸ್ತಿಲ ಮೇಲೆ ಕುಳಿತು ಕೇಳಿದಳು. ಗಾಯದ ಬೆರಳಿಗೆ ಚಿಂದಿ ಸುತ್ತಿತ್ತು.

‘ಕಲತಾಕಿ ಅಂತ ನಂಬಿದ್ನಿ,’ ಎಂದಳು ಕೊನೆಗೆ. ‘ನನ್ನ ಹೊಟ್ಟ್ಯಾಗಿಂದ ತಗೊಂಡ ಹೋಗಿ ಪ್ಯಾಟ್ಯಾಗ ಇಟ್ರೆಲ್ಲ, ಮೇಡಂ.’

ಅಲ್ಲಿಯವರೆಗೆ ಆಕೆ ನನ್ನನ್ನು ತಂಗೀ ಎಂದು ಕರೆಯುತ್ತಿದ್ದಳು.

‘ನೀವು ಹೇಳಿದಂತೆ ಮಾಡುತ್ತೇನೆ. ಬಾಯಿ ಮುಚ್ಚು ಅಂದರೆ ಮುಚ್ಚುತ್ತೇನೆ.’

‘ಅದನ್ನೂ ನನ್ನ ತಲಿಗೇ ಕಟ್ಟತೀರಿ?’ ಆಕೆಯ ಧ್ವನಿ ಏರಿತು. ‘ನಮ್ಮಕ್ಕ ಬಾಗಲಾ ಬಡಿಯೂದ ಯಾರೂ ಕೇಳಿಲ್ಲ ಅಂತ ತಿಳಿದಿರೇನು? ಶೆಡ್ಡಿನಾಗ ಅವತ್ತ ಆರು ಮಂದಿ ಇದ್ರು. ಒಬ್ಬೊಬ್ಬರಿಗೂ ಒಂದೊಂದ ಚಿಂತಿ ಇತ್ತು. ಒಬ್ಬಾಕಿಗೆ ಮಗಳ ಲಗ್ನ, ಒಬ್ಬಾಂವಗ ಕೆಲಸ. ನನ್ನ ಹೆಸರ ಉಳಸಾಕಂತ ಆ ಹುಡುಗಿ ಬಾಯಾಗ ಅರಬಿ ತುರಕಿದ್ರ, ಏಳನೇದಾಕಿ ನಾನ ಆಗೂದಿಲ್ಲೇನು?’

ಒಳಗೆ ಹೋಗಿ ಕಾಗದದ ಪೊಟ್ಟಣ ತಂದಳು. ‘ನಡೀರಿ. ಆಕಿನೂ ಕರ್ಕೊಂಡ ಬರ್ರಿ.’

ಎರಡು ದಿನ ಕಳೆದು, ನಟಿ ಎದ್ದು ಓಡಾಡುವಂತಾದ ಮೇಲೆ, ಮೂವರೂ ಠಾಣೆಗೆ ಹೋದೆವು. ಆ ಬೆಳಿಗ್ಗೆಯೇ, ಚೌಕಾಸಿಗೆ ಒಪ್ಪದ ನನ್ನನ್ನು ಚಿತ್ರದಿಂದ ಕೈಬಿಟ್ಟ ಸಂದೇಶ ಮೊಬೈಲಿಗೆ ಬಂದಿತ್ತು. ನಟಿಯ ದೂರು, ನನ್ನ ಹೇಳಿಕೆ ಮುಗಿಯುವುದಕ್ಕೆ ಮಧ್ಯಾಹ್ನವಾಯಿತು. ಮುದುಕ ಎಚ್ಚರಿಸಿದ್ದನ್ನೂ ನಾನು ಸುಮ್ಮನೆ ಕುಳಿತಿದ್ದನ್ನೂ ಬಿಡದೆ ಬರೆಸಿದೆ. ಆಮೇಲೆ ತಂಗಿಯ ಸರದಿ. ಹವಾಲ್ದಾರರು ಪೊಟ್ಟಣ ಬಿಚ್ಚಿ ನೋಡಿದರು.

‘ಇವನ್ನ ಯಾಕ ಹಿಂಗ ಜ್ವಾಪಾನ ಮಾಡಿ ಇಟ್ಟೀಯಬೇ? ತೊಳದ ಅವರಿಗಿ ಕೊಟ್ಟ ಬಿಡೂದ ಅಲ್ಲೇನು?’

ಆಕೆ ಒಮ್ಮೆ ನನ್ನ ಕಡೆ ನೋಡಿದಳು. ಆಮೇಲೆ ಎದುರಿನ ಗೋಡೆ ನೋಡುತ್ತ, ಪಕ್ಕದ ಮೇಜಿನವರಿಗೂ ಕೇಳುವಂತೆ ಹೇಳಿದಳು:

‘ಹಿಂದಕ ಒಮ್ಮಿ ತೊಳದಿದ್ನಿರಿ. ನಮ್ಮಕ್ಕನ ಕಾಲುಂಗರ. ಗಂಧಕದಾಗ ಕರ್ರಗ ಆಗಿದ್ದೂ. ಹುಣಸಿಹಣ್ಣ ಹಚ್ಚಿ ನಾನ ಬೆಳ್ಳಗ ಮಾಡಿದ್ನಿ. ಕೋರ್ಟಿನ್ಯಾಗ ಗೊತ್ತಿಲ್ಲ ಅಂದ್ನಿ. ಯಾರೂ ರೊಕ್ಕಾ ಕೊಟ್ಟಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ಮುತ್ತೈದಿನ್ನ ಕರೇ ಬೆಳ್ಳಿ ಇಟ್ಟ ಹ್ಯಾಂಗ ಕಳಸೂದಂತ ತೊಳದ್ನಿ. ಇದನ್ನೂ ಬರಕೋರಿ.’

ಟೈಪು ಮಾಡುತ್ತಿದ್ದ ಪೇದೆಯ ಕೈ ನಿಂತಿತು. ನಾನು ಕದ್ದೊಯ್ದು ಚಿತ್ರದ ತಿರುವಾಗಿಸಿದ ಗುಟ್ಟು ಈಗ ಗುಟ್ಟಾಗಿ ಉಳಿದಿರಲಿಲ್ಲ. ಆಕೆಯದೇ ಬಾಯಿಂದ ಹೊರಬಂದಿತ್ತು.

‘ಅದು ಬ್ಯಾರೆ ಕೇಸಬೇ,’ ಎಂದರು ಹವಾಲ್ದಾರರು, ಸ್ವಲ್ಪ ಮೆತ್ತಗೆ.

‘ಗಂಧಕ ಒಂದ ಐತೆಲ್ರಿ.’

ಅವರು ಹೇಳಿಕೆಯ ಕೊನೆಗೆ ಅದನ್ನೂ ಸೇರಿಸಿಕೊಂಡರು. ಮೇಲ್ಮನವಿಯ ವಕೀಲರು ನೋಡಲೆಂದು ನಾನು ಅದರ ನಕಲಿಗೆ ಅರ್ಜಿ ಬರೆದೆ. ಅಷ್ಟರಲ್ಲಿ ಹವಾಲ್ದಾರರು ವಶಪಂಚನಾಮೆಯ ಹಾಳೆ ಎಳೆದುಕೊಂಡು, ವರ್ಷಗಳ ಅಭ್ಯಾಸದ ಕೈಯಿಂದ ಸರಸರನೆ ಬರೆದರು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ತಂಗಿ ಮೇಜಿನ ಮೇಲೆ ಬಾಗಿ, ತುಟಿಯಲ್ಲೇ ಕೂಡಿಸಿಕೊಂಡು ಓದಿದಳು: ಬಿಳಿ ಲೋಹದ ಕಾಲುಂಗುರ, ಎರಡು.

‘ಕರ್ರಗ ಅದಾವಂತ ಬರೀರಿ.’

‘ಬೆಳ್ಳಿಗೆ ಬಿಳಿ ಲೋಹ ಅಂತನ ಬರಿಯೂದಬೇ. ಪದ್ಧತಿ ಐತಿ.’

ಆಕೆ ಚಿಂದಿ ಸುತ್ತಿದ ಬೆರಳನ್ನು ಆ ಸಾಲಿನ ಕೆಳಗೆ ಒತ್ತಿ ಹಿಡಿದಳು. ಎಳೆದರೂ ಕಾಗದ ಸರಿಯಲಿಲ್ಲ. ಹವಾಲ್ದಾರರು ಅವಳ ಮುಖ ನೋಡಿದರು, ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಸಾಲನ್ನು ಹೊಡೆದುಹಾಕಿ, ಅದರ ಮೇಲೆ ಬೇರೆ ಬರೆದು, ಪಕ್ಕದಲ್ಲಿ ಸಹಿ ಹಾಕಿದರು.

‘ಬೆಳ್ಳಿಯ ಕಾಲುಂಗುರ ಎರಡು,’ ಎಂದು ಓದಿದರು. ‘ಪೂರ್ತಿ ಕಪ್ಪಾದವು.’

ಆಕೆ ಬೆರಳು ತೆಗೆಯಲಿಲ್ಲ.

‘ಇನ್ನೊಮ್ಮಿ ಓದ್ರಿ,’ ಎಂದಳು.